ವಸ್ತಾದನ ಕಣ್ಣು

ಹುಬ್ಬಳ್ಳಿ-ಧಾರವಾಡದ ಗರಡಿಮನೆಗಳನ್ನು ಕಂಡವರಿಗೆ ‘ವಸ್ತಾದ’ ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಉರ್ದುವಿನ ಉಸ್ತಾದನೇ ನಮ್ಮ ಕಡೆಯ ಕನ್ನಡಕ್ಕೆ ಬಂದು ವಸ್ತಾದನಾಗಿದ್ದಾನೆ. ಅಖಾಡದ ಅಂಚಿನಲ್ಲಿ ಕುಳಿತು ಹುಡುಗನ ಮೈಕಟ್ಟು, ಉಸಿರು, ಸಿಟ್ಟು ಎಲ್ಲವನ್ನೂ ನೋಡಿ, ಇವನಿಗೆ ಯಾವ ಪಟ್ಟು ಒಗ್ಗೀತು ಎಂದು ತೀರ್ಮಾನಿಸುವವನು ಅವನು. ಗಿಡ್ಡನಿಗೆ ಎತ್ತರದವನ ಪಟ್ಟು ಕಲಿಸಲು ಹೋಗುವವನನ್ನು ಯಾರೂ ವಸ್ತಾದ ಎನ್ನುವುದಿಲ್ಲ.

ಈಗ ಕಂಪನಿಗಳ ಮೇಲಧಿಕಾರಿಗಳಿಗೂ ವಸ್ತಾದರಿದ್ದಾರೆ. ಅವರಿಗೆ ಎಕ್ಸಿಕ್ಯೂಟಿವ್ ಕೋಚ್ ಎಂದು ಹೆಸರು. ಈಚೆಗೆ ಆ ವಿದ್ಯೆಯಲ್ಲಿ ಹೊಸದೊಂದು ಕವಲು ಒಡೆದಿದೆ. ಆಟಿಸಂ, ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಮುಂತಾದ ಕಾರಣಗಳಿಂದ ಮಿದುಳು ಕೆಲಸ ಮಾಡುವ ರೀತಿಯೇ ಬಹುಪಾಲು ಜನರಿಗಿಂತ ಬೇರೆಯಾಗಿರುವವರನ್ನು ‘ನ್ಯೂರೋಡೈವರ್ಜೆಂಟ್’ ಎನ್ನುತ್ತಾರೆ. ಅಂಥವರು ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತಾಗ ಅವರಿಗೆ ಒತ್ತಾಸೆಯಾಗಿ ನಿಲ್ಲುವುದು ಈ ಕೋಚ್‌ಗಳ ಕೆಲಸ. ಬೆಂಗಳೂರಿನ, ಅಮೆರಿಕದ ಸಂಗತಿ ಅಮರಗೋಳದಲ್ಲಿ ಕುಳಿತವರಿಗೆ ಯಾಕೆ ಎಂದು ಓದುಗರು ಕೇಳಬಹುದು. ಸಂಗತಿ ನಮ್ಮ ಮನೆಗೇ ಬಂದದ್ದರಿಂದ ಬರೆಯುತ್ತಿದ್ದೇವೆ.

ನಮ್ಮ ಆಪಾನ ಮಗನಿಗೆ ಈಗ ಮೂವತ್ನಾಲ್ಕು ವರ್ಷ. ಇಲ್ಲಿಯ ಎಪಿಎಂಸಿ ಯಾರ್ಡಿನ ಆಸುಪಾಸಿನ ಕೋಲ್ಡ್ ಸ್ಟೋರೇಜ್ ಒಂದಕ್ಕೆ ಗುಮಾಸ್ತನಾಗಿ ಸೇರಿದವನು. ಒಣಮೆಣಸಿನಕಾಯಿಯ ಸಾವಿರಾರು ಚೀಲಗಳ ನಡುವೆ ಯಾವ ರೈತನ ಮಾಲು ಯಾವ ಸಾಲಿನಲ್ಲಿದೆ ಎಂಬುದು ರಿಜಿಸ್ಟರ್ ತೆಗೆಯದೆಯೇ ಅವನಿಗೆ ಗೊತ್ತು. ಆ ಗುಣ ನೋಡಿಯೇ ಮಾಲೀಕರು 2023ರಲ್ಲಿ ಅವನನ್ನು ಮ್ಯಾನೇಜರ್ ಮಾಡಿದರು. ಮೂವತ್ತು ಜನ ಅವನ ಕೈಕೆಳಗೆ ಬಂದರು.

ಕಷ್ಟ ಅಲ್ಲಿಂದ ಶುರುವಾಯಿತು. ಫೋನು ಬಾರಿಸುತ್ತಿರುವಾಗ ಇಬ್ಬರು ಒಟ್ಟಿಗೆ ಮಾತಾಡಿದರೆ ಅವನು ಎದ್ದು ಹೊರಟುಬಿಡುತ್ತಿದ್ದ. ವ್ಯಾಪಾರಿಯೊಬ್ಬರು ಮಗಳ ಮದುವೆಯ ಸುದ್ದಿ ಹೇಳುತ್ತಿದ್ದರೆ ಮುಖ ನೋಡದೆ ಚೀಲದ ಲೆಕ್ಕ ಕೇಳುತ್ತಿದ್ದ. ‘ಕುರ್ಚಿ ಸಿಕ್ಕಮೇಲೆ ಸೊಕ್ಕು ಬಂತು’ ಎಂಬ ಮಾತು ಹರಡಿತು. ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಕೋಚ್ ಒಬ್ಬರನ್ನು ಕರೆಸಿದರು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ನಗುತ್ತ ಕೈಕುಲುಕು, ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡು ಎಂದು ಅವರು ಎರಡು ತಿಂಗಳು ಪಾಠ ಹೇಳಿದರು. ಹುಡುಗ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ. ಸಂಜೆ ಮನೆಗೆ ಬಂದು ದೀಪ ಆರಿಸಿ, ಉಣ್ಣದೆ ಮಲಗಿಬಿಡುತ್ತಿದ್ದ. ಆಪಾ ಬಾಗಿಲ ಹೊರಗೆ ತಟ್ಟೆ ಹಿಡಿದು ಕೂರುತ್ತಿದ್ದರು.

ಮರುವರ್ಷ ಧಾರವಾಡದ ವೈದ್ಯರು ಇದು ಆಟಿಸಂ ಎಂದರು. ಅವರು ಸೂಚಿಸಿದ ಮನಶ್ಶಾಸ್ತ್ರಜ್ಞೆಯೊಬ್ಬರು ಮೊದಲು ಅವನ ನಡವಳಿಕೆಯ ಮಾತೇ ಎತ್ತಲಿಲ್ಲ. ಬೆಳಗಿನಿಂದ ಸಂಜೆಯವರೆಗಿನ ಕೆಲಸಗಳನ್ನು ಪಟ್ಟಿ ಮಾಡಿಸಿ, ಯಾವುದರಲ್ಲಿ ಮನಸ್ಸು ಅರಳುತ್ತದೆ, ಯಾವುದರಲ್ಲಿ ಕುಸಿಯುತ್ತದೆ ಎಂದು ಗುರುತು ಹಾಕಿಸಿದರು. ಆಮೇಲೆ ಬಂದ ಬದಲಾವಣೆಗಳು ಸಣ್ಣವು. ಬಾಯಿಮಾತಿನ ಆದೇಶಗಳು ಚೀಟಿಗೆ ಇಳಿದವು. ವ್ಯಾಪಾರಿಗಳ ಭೇಟಿಗೆ ಹೊತ್ತು ಗೊತ್ತಾಯಿತು. ಉಭಯಕುಶಲೋಪರಿಗೆ ಮಾತುಗಾರ ಗುಮಾಸ್ತನೊಬ್ಬ ಪಕ್ಕದಲ್ಲಿ ಕುಳಿತ. ‘ಒಬ್ಬನ ಸಲುವಾಗಿ ಮೂವತ್ತು ಜನರ ರೂಢಿ ಬದಲಿಸಲೇ?’ ಎಂದು ಗೊಣಗಿದ ಮಾಲೀಕರೇ, ಚೀಟಿ ಬಂದಮೇಲೆ ‘ನೀ ಹೇಳಿದ್ದಿ, ನಾ ಹೇಳಿಲ್ಲ’ ಎಂಬ ಜಗಳ ಕಡಿಮೆಯಾದದ್ದನ್ನು ಒಪ್ಪಿಕೊಂಡರು.

ಬ್ರಿಟನ್ನಿನ ಉದ್ಯಮಿ ರಿಚರ್ಡ್ ಬ್ರಾನ್ಸನ್ ಅವರಿಗೆ ಡಿಸ್ಲೆಕ್ಸಿಯಾ ಇದೆ. ಐವತ್ತರ ವಯಸ್ಸಿನವರೆಗೂ ಒಟ್ಟು ಮತ್ತು ನಿವ್ವಳದ ವ್ಯತ್ಯಾಸ ತಮಗೆ ತಿಳಿದಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ನಿವ್ವಳಕ್ಕೂ ಬಲೆಗೂ ‘ನೆಟ್’ ಎಂಬ ಒಂದೇ ಪದ. ಸಹೋದ್ಯೋಗಿಯೊಬ್ಬರು ಸಮುದ್ರ, ಬಲೆ, ಮೀನುಗಳ ಚಿತ್ರ ಬಿಡಿಸಿ, ಬಲೆಯೊಳಗಿನ ಮೀನಷ್ಟೇ ನಿಮಗೆ ಉಳಿಯುವುದು ಎಂದಾಗ ಅವರಿಗೆ ತಟ್ಟನೆ ಹೊಳೆಯಿತು. ಒಂದು ಚಿತ್ರದ ಕೆಲಸ ಅದು. ಆದರೆ ಬ್ರಾನ್ಸನ್ ಕಂಪನಿಯ ಒಡೆಯರು. ಒಡೆಯನಿಗೆ ತಿಳಿಯದಿದ್ದರೆ ಚಿತ್ರ ಬಿಡಿಸುವವರು ಮುಂದೆ ಬರುತ್ತಾರೆ. ಸಂಬಳದವನಿಗೆ ತಿಳಿಯದಿದ್ದರೆ ನೋಟೀಸು ಬರುತ್ತದೆ.

ಜರ್ಮನಿಯ ಎಸ್‌ಎಪಿ ಕಂಪನಿ ಆಟಿಸಂ ಉಳ್ಳವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಯೋಜನೆಯನ್ನು 2013ರಲ್ಲಿ ಸಾರಿತು. ಅದರ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ಬೆಂಗಳೂರಿನಲ್ಲೇ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿ. ಬಾಗಿಲು ತೆರೆದದ್ದು ದೊಡ್ಡ ಮಾತು. ಒಳಗೆ ಬಂದವರು ಮೆಟ್ಟಿಲು ಹತ್ತುವುದು ಬೇರೆಯೇ ಮಾತು. ಲೆಕ್ಕ ಚೆನ್ನಾಗಿ ಮಾಡಿದವನಿಗೆ ಬಡ್ತಿ ಕೊಡುತ್ತೇವೆ. ಬಡ್ತಿ ಸಿಕ್ಕಮೇಲೆ ಅವನಿಂದ ಲೆಕ್ಕ ಕಿತ್ತುಕೊಂಡು ಹರಟೆ, ಸಂಧಾನ, ಸಭೆಗಳನ್ನು ಹೊರಿಸುತ್ತೇವೆ. ಅಲ್ಲಿ ಎಡವಿದರೆ ನಾಯಕನಾಗಲು ಲಾಯಕ್ಕಿಲ್ಲ ಎನ್ನುತ್ತೇವೆ.

ಕಾನೂನು ಸ್ವಲ್ಪ ಮುಂದೆ ಬಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳಿವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಸರಕಾರಿ ಸಂಸ್ಥೆಗಳು ಇಂಥ ನೌಕರರಿಗೆ ತಕ್ಕ ಅನುಕೂಲ ಮಾಡಿಕೊಡಲೇಬೇಕು. ಖಾಸಗಿಯವರೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಓದುಗರಿಗೆ ಇನ್ನೊಂದು ಮಾತು. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಕೋಚ್ ಎಂದು ಬೋರ್ಡು ಹಾಕಲು ಅಂಥ ಕಟ್ಟುಪಾಡಿಲ್ಲ. ಮೊದಲು ವೈದ್ಯರನ್ನು ಕಾಣಿರಿ. ಚಿಗರಿ ಬಸ್ಸು ಹತ್ತಿದರೆ ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಲ್ಲ.

ಕಾನೂನಿನ ಅನುಕೂಲ ಬೇಕಾದರೆ ‘ನಾನು ಹೀಗಿದ್ದೇನೆ’ ಎಂದು ಬಾಯಿಬಿಡಬೇಕು. ನಮ್ಮ ಮನೆಯಲ್ಲಿ ಗಂಟು ಬಿದ್ದದ್ದು ಅಲ್ಲೇ. ‘ಹುಚ್ಚನ ತಂಗಿ ಅಂದಾರು, ಅವಳ ನಿಕಾಹ್ ಆಗುವತನಕ ಸುಮ್ಮನಿರು’ ಎಂದು ಆಪಾ ಕೈಮುಗಿದರು. ಆ ಭಯವನ್ನು ಸುಳ್ಳೆನ್ನುವ ಧೈರ್ಯ ನಮಗಿಲ್ಲ. ನಮ್ಮ ಮೊಹಲ್ಲಾದ ನಾಲಿಗೆ ನಮಗೂ ಗೊತ್ತು. ಹುಡುಗ ಮಾತ್ರ ‘ಮಾಮೂ, ಸೊಕ್ಕಿನವನು ಅನ್ನಿಸಿಕೊಂಡು ಇರುವುದಕ್ಕಿಂತ ಅದೇ ಮೇಲು’ ಎಂದ.

ಕಳೆದ ವರ್ಷ ಒಂದು ಮುಂಜಾನೆ, ಕೆಲಸ ಶುರುವಾಗುವ ಮುನ್ನ, ಅವನು ತನ್ನ ಕೈಕೆಳಗಿನವರನ್ನೆಲ್ಲ ನಿಲ್ಲಿಸಿ ತನ್ನ ಸ್ಥಿತಿಯನ್ನು ನಾಲ್ಕೇ ಸಾಲಿನಲ್ಲಿ ಓದಿ ಹೇಳಿದನಂತೆ. ಯಾರೂ ನಗಲಿಲ್ಲ. ಅರ್ಧದಷ್ಟು ಜನಕ್ಕೆ ತಿಳಿಯಲೂ ಇಲ್ಲ. ಮಧ್ಯಾಹ್ನ ಹಮಾಲನೊಬ್ಬ ಬಾಗಿಲಿಗೆ ಬಂದು, ‘ಸಾಹೇಬ್ರ, ನಮ್ಮ ಹುಡುಗನೂ ಹಿಂಗ ಅದಾನ್ರಿ. ಯಾರ ಮಾರಿನೂ ನೋಡಂಗಿಲ್ಲ, ಲೆಕ್ಕ ಮಾತ್ರ ಬಾಯಾಗ ಇರ್ತಾವು. ಸಾಲ್ಯಾಗ ಬ್ಯಾಡ ಅಂತಾರ. ಹಮಾಲಿಗೆ ಹಚ್ಚಬೇಕು ಅಂತ ಮಾಡೀನಿ’ ಎಂದನಂತೆ.

‘ನೀನೇನಂದೆ?’ ಎಂದು ಕೇಳಿದೆವು.

‘ಸಾಲಿ ಬಿಡಸಬ್ಯಾಡ್ರಿ ಅಂದೆ. ರವಿವಾರ ಕರಕೊಂಡು ಬರ್ರಿ ಅಂತ ಒಂದು ಚೀಟಿ ಬರೆದುಕೊಟ್ಟೆ’ ಎಂದ.