ಹಳೇ ಪೆಟ್ಟಿಗೆಗೆ ಹೊಸ ಕಾರ್ಡು

ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಕೊಳ್ಳುವ ವಿಷಯವನ್ನು ನನ್ನಂಥವಳು ಬರೆಯಲು ಕೂತಿದ್ದೇನೆಂದರೆ ಸೋದರಿಯರಿಗೆ ನಗು ಬಂದೀತು. ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿ, ಒಲೆಯ ಮುಂದೆ ಇಪ್ಪತ್ತೈದು ವರ್ಷ ಕಳೆದವಳಿಗೆ ಈ ಉಸಾಬರಿ ಏಕೆ ಎನ್ನಬಹುದು. ಆದರೆ ದುಡ್ಡು ನನ್ನದು. ಮನೆಖರ್ಚಿನಲ್ಲಿ ಮಿಗಿಸಿ ಮಿಗಿಸಿ, ಚೀಟಿ ಕಟ್ಟಿ ಕೂಡಿಸಿದ ಹನ್ನೆರಡು ಸಾವಿರ ರೂಪಾಯಿ. ನಮ್ಮ ದುಡ್ಡು ಹೋಗುವ ಕಡೆ ನಮ್ಮ ಕಣ್ಣೂ ಹೋಗಬೇಡವೆ?

ನಾವು ತಿಪಟೂರಿನವರು. ಯಜಮಾನರು ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟಿದ್ದಾಗ, 2013ರಲ್ಲಿ ಜೋಡಿಸಿ ತಂದ ಕಂಪ್ಯೂಟರು ಇದು. 2020ರ ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿತು. ಇವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿಕೊಂಡರು, ಕಂಪ್ಯೂಟರು ನಡುಮನೆಯ ಮೂಲೆ ಸೇರಿತು. ಮಗಳು ಸಿವಿಲ್ ಡಿಪ್ಲೊಮಾ ಮುಗಿಸಿ ಕೂತಿದ್ದಳು. ಬೆಂಗಳೂರಿನಲ್ಲಿ ಕೆಲಸವೇನೋ ಇತ್ತು, ಬರುವ ಸಂಬಳ ಪಿ.ಜಿ. ಬಾಡಿಗೆಗೂ ಊಟಕ್ಕೂ ಸರಿಹೋಗುವಷ್ಟು. ಅಷ್ಟರಲ್ಲಿ ಊರಿನ ಇಂಜಿನಿಯರೊಬ್ಬರು, "ಪ್ಲಾನ್ ನಾನು ಹಾಕ್ತೀನಿ ಕಣಮ್ಮಾ, ಮನೆಯ ಎಲಿವೇಶನ್ನು ಕಣ್ಣಿಗೆ ಕಟ್ಟೋ ಹಾಗೆ ಮಾಡಿಕೊಡು, ಚಿತ್ರಕ್ಕಿಷ್ಟು ಅಂತ ಕೊಡ್ತೀನಿ" ಎಂದರು. ಮನೆಯಲ್ಲೇ ಕೂತು ಮಾಡುವ ಕೆಲಸ. ಇವಳಿಗೆ ರೆಕ್ಕೆ ಬಂದಂತಾಯಿತು.

ಆದರೆ ಕಂಪ್ಯೂಟರು ಮುಷ್ಕರ ಹೂಡಿತು. ಆ ಕೆಲಸಕ್ಕೆ ಇವಳು ಕಲಿತದ್ದು ಬ್ಲೆಂಡರ್ ಎಂಬ ತಂತ್ರಾಂಶ. ನಮ್ಮ ಮಿಕ್ಸಿಗೂ ಅದಕ್ಕೂ ಸಂಬಂಧವಿಲ್ಲ! ಪೂರ್ತಿ ಉಚಿತ, ಒಂದು ಪೈಸೆ ಕೊಡಬೇಕಾಗಿಲ್ಲ. ಉಚಿತವೆಂದು ಹಗುರ ಮಾಡುವಂತಿಲ್ಲ. 2025ರಲ್ಲಿ ಆಸ್ಕರ್ ಗೆದ್ದ 'ಫ್ಲೋ' ಎಂಬ ಬೆಕ್ಕಿನ ಚಿತ್ರವನ್ನು ಇದರಲ್ಲೇ ಮಾಡಿದ್ದಂತೆ. 2023ರ ನವೆಂಬರ್‌ನಲ್ಲಿ ಇದರ ನಾಲ್ಕನೇ ಆವೃತ್ತಿ ಬಂದಾಗಿನಿಂದ, ನಮ್ಮ ಪ್ರೊಸೆಸರಿನೊಳಗೇ ಇರುವ ಹಳೆಯ ಚಿತ್ರಶಕ್ತಿ ಅದಕ್ಕೆ ಸಾಲದಾಯಿತು. ತೆರೆಯುವುದೇ ಇಲ್ಲ ಅಂದರೆ ತೆರೆಯುವುದೇ ಇಲ್ಲ. ಹಿಂದಿನ ಆವೃತ್ತಿಯಲ್ಲಿ ಒಂದು ಚಿತ್ರಕ್ಕೆ ಎರಡು ಗಂಟೆ ಕಾದು, ಬಾಗಿಲ ಬಣ್ಣ ಬದಲಾಯಿಸಿ ಎಂದು ಅವರು ಹೇಳಿದರೆ ಮತ್ತೆರಡು ಗಂಟೆ.

ಗ್ರಾಫಿಕ್ಸ್ ಕಾರ್ಡೆಂದರೇನು ಎಂದು ನಾನು ಕೇಳಿದಾಗ ಮಗಳು ಮದುವೆಮನೆಯ ಲೆಕ್ಕದಲ್ಲಿ ಹೇಳಿದಳು. ನಮ್ಮ ಪ್ರೊಸೆಸರ್ ನಾಲ್ಕು ಜನ ಪಳಗಿದ ಅಡಿಗೆಭಟ್ಟರಿದ್ದ ಹಾಗೆ. ಹುಳಿ, ಪಾಯಸ, ಯಾವುದು ಹೇಳಿದರೂ ಮಾಡಿಯಾರು. ಆದರೆ ಸಾವಿರಾರು ಲಾಡು ಉಂಡೆ ಕಟ್ಟಬೇಕಾದಾಗ ನಾಲ್ಕು ಜನ ಎಷ್ಟು ಪಳಗಿದ್ದರೇನು? ಸುಮ್ಮನೆ ಉಂಡೆ ಕಟ್ಟಲು ಬರುವ ಕೈಗಳು ಹೆಚ್ಚು ಬೇಕು. ನಮ್ಮ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳು. ಗುಣಿಸಿದರೆ ಹತ್ತು ಲಕ್ಷ ದಾಟುತ್ತದೆ. ಅಷ್ಟೂ ಚುಕ್ಕೆಗೆ ಬೆಳಕು ನೆರಳಿನ ಲೆಕ್ಕ ಹಾಕಬೇಕು. ಕಾರ್ಡಿನಲ್ಲಿ ಇಂಥ ಸಣ್ಣ ಕೈಗಳು ನೂರಾರು, ದೊಡ್ಡದಾದರೆ ಸಾವಿರಾರು.

"ಮುದಿ ಎತ್ತಿಗೆ ಬೆಳ್ಳಿ ಕೋಡಣಸು ಮಾಡಿಸ್ತೀರಾ?" ಎಂದರು ಯಜಮಾನರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹನ್ನೊಂದನೆಯದಕ್ಕೆ ನಮ್ಮ ಪ್ರೊಸೆಸರನ್ನು ಅವರು ಒಪ್ಪುವುದಿಲ್ಲ. ಅದಕ್ಕೇ ಬ್ಯಾಂಕಿನ ವ್ಯವಹಾರ ಯಾವುದನ್ನೂ ಆ ಕಂಪ್ಯೂಟರಿನಲ್ಲಿ ಮಾಡಬಾರದೆಂದು ನಾನೇ ಕಟ್ಟು ಮಾಡಿದ್ದೇನೆ. ಆದರೆ ಹೊಸದು ಕೊಳ್ಳಲು ಐವತ್ತು ಸಾವಿರ ಎಲ್ಲಿಂದ ತರೋಣ? ಮತ್ತೆ, ಕಾರ್ಡೆಂಬುದು ಗೋಡೆಗೆ ಬಳಿದ ಬಣ್ಣವಲ್ಲ. ನಾಳೆ ಬೇರೆ ಪೆಟ್ಟಿಗೆ ಬಂದರೆ ಬಿಚ್ಚಿ ಅದಕ್ಕೆ ಹಾಕಿಕೊಳ್ಳಬಹುದು. ಇದನ್ನು ಹೇಳಿದ ಮೇಲೆ ಅವರು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಯಾವ ಕಾರ್ಡು? ಇಲ್ಲಿ ತಾಯಿ ಮಗಳಿಗೆ ಜಟಾಪಟಿ. ಅವಳಿಗೆ ಎಂಟು ಜಿ.ಬಿ. ಮೆಮೊರಿಯ ಆರ್‌ಎಕ್ಸ್ 580 ಮೇಲೆ ಕಣ್ಣು. 2017ರ ಕಾರ್ಡು, ಸೆಕೆಂಡ್ ಹ್ಯಾಂಡಿನಲ್ಲಿ ಏಳೆಂಟು ಸಾವಿರಕ್ಕೆ ಸಿಗುತ್ತದೆಂದಳು. ನಾನು ಕೇಳಿದ್ದು ಒಂದೇ ಮಾತು: ಕರೆಂಟು ಎಷ್ಟು ಎಳೆಯುತ್ತೆ? "185 ವಾಟ್" ಎಂದಳು. ಹಾಗಾದರೆ ನಮ್ಮ ಎಸ್.ಎಂ.ಪಿ.ಎಸ್. ಎಷ್ಟು ಕೊಡುತ್ತೆ? ಅದೇ, ಕಂಪ್ಯೂಟರಿನ ಒಳಗೆ ಎಲ್ಲಕ್ಕೂ ಕರೆಂಟು ಹಂಚುವ ಡಬ್ಬ. ಅದರ ಮೇಲೆ ದೊಡ್ಡಕ್ಷರದಲ್ಲಿ 450 ವಾಟ್ ಎಂದು ಬರೆದಿತ್ತು. ಕನ್ನಡಕ ಏರಿಸಿ ಕೆಳಗಿನ ಸಣ್ಣಕ್ಷರ ಓದಿದೆ. ಪ್ರೊಸೆಸರು, ಕಾರ್ಡು ಎರಡೂ ಮುಖ್ಯವಾಗಿ 12 ವೋಲ್ಟಿನ ಸಾಲಿನಿಂದಲೇ ತಿನ್ನುವುದು. ಆ ಸಾಲಿನ ಮುಂದೆ 16 ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಎಂದು ಹತ್ತನೇ ತರಗತಿಯಲ್ಲಿ ಕಲಿತದ್ದು ಮರೆತಿರಲಿಲ್ಲ. 12 ಇಂಟು 16, 192. 450 ಎಲ್ಲಿ, 192 ಎಲ್ಲಿ! ಹಾಲಿಗೆ ನೀರು ಬೆರೆಸುವವನೂ ಇಷ್ಟು ಬೆರೆಸಲಾರ. ಪ್ರೊಸೆಸರಿಗೆ 77 ಬೇಕು, ಕಾರ್ಡಿಗೆ 185. ಮೊತ್ತ 262. ಡಿಸ್ಕು, ಫ್ಯಾನುಗಳದ್ದು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಮನುಷ್ಯರಿಗಷ್ಟೇ ಹೇಳಿದ ಮಾತಲ್ಲ.

ಇನ್ನು ಜಾಗ. ಹೊಲಿಗೆಯ ಟೇಪು ಹಿಡಿದು ಕ್ಯಾಬಿನೆಟ್ಟಿನ ಒಳಗೆ ಅಳೆದೆವು. ಸ್ಲಾಟಿನಿಂದ ಒಂಬತ್ತು ಅಂಗುಲಕ್ಕೆ ಹಾರ್ಡ್‌ಡಿಸ್ಕಿನ ಗೂಡು ಅಡ್ಡ. ಎರಡು ಫ್ಯಾನಿನ ಉದ್ದ ಕಾರ್ಡು ಕೂರುವುದೇ ಇಲ್ಲ. ಕೊನೆಗೆ ಆರ್‌ಎಕ್ಸ್ 580ರ ಆಸೆ ಬಿಡಿಸಿದ್ದು ನಾನಲ್ಲ, ಬ್ಲೆಂಡರೇ. ಅದರ ಸೈಕಲ್ಸ್ ಎಂಬ ಚಿತ್ರ ಬಿಡಿಸುವ ಭಾಗ ಆ ತಲೆಮಾರಿನ ಎ.ಎಂ.ಡಿ. ಕಾರ್ಡನ್ನು ಮೂರನೇ ಆವೃತ್ತಿಯಿಂದಲೇ ಬಳಸಿಕೊಳ್ಳುತ್ತಿಲ್ಲವೆಂದು ಮಗಳೇ ಓದಿ ಹೇಳಿದಳು. ಎಂಟು ಜಿ.ಬಿ. ಇದ್ದೂ ಉಂಡೆ ಕಟ್ಟಲು ಬಾರದ ಕೈಗಳು!

ಮದರ್‌ಬೋರ್ಡಿನ ಸ್ಲಾಟು ತಾನೇ 75 ವಾಟಿನವರೆಗೆ ಕೊಡಬಲ್ಲದು. ಅಷ್ಟರಲ್ಲೇ ಬದುಕುವ, ಬೇರೆ ವೈರು ಕೇಳದ ಕಾರ್ಡು ನಮಗೆ ಸರಿ ಎಂದು ತೀರ್ಮಾನವಾಯಿತು. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ ಆರು ಜಿ.ಬಿ. ಮಾದರಿ 70 ವಾಟಿನದು, ಬಹಳ ಹೊಂದುತ್ತಿತ್ತು, ನನ್ನ ಚೀಟಿಗೆ ಹೊಂದಲಿಲ್ಲ. 2016ರ ಜಿಟಿಎಕ್ಸ್ 1050 ಟಿಐ ಅಗ್ಗ. ಆದರೆ ಅದಕ್ಕೆ ಹೊಸ ಡ್ರೈವರು 2025ರ ಅಕ್ಟೋಬರಿಗೆ ನಿಂತುಹೋಯಿತು, ಇನ್ನು ಬರುವುದು ಭದ್ರತೆಯ ತೇಪೆ ಮಾತ್ರ. (ಡ್ರೈವರೆಂದರೆ ಗಾಡಿ ಓಡಿಸುವವನಲ್ಲ, ಕಾರ್ಡಿಗೂ ಕಂಪ್ಯೂಟರಿಗೂ ನಡುವಿನ ದುಭಾಷಿ.) ಉಳಿದದ್ದು 2019ರ ಜಿಟಿಎಕ್ಸ್ 1650. ನಾಲ್ಕು ಜಿ.ಬಿ., 75 ವಾಟ್, 896 ಸಣ್ಣ ಕೈಗಳು.

ಇಬ್ಬರೂ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಆ ರಸ್ತೆಯನ್ನು ಕಾಣದವರಿಗೆ ಹೇಳುತ್ತೇನೆ: ಚಿಕ್ಕಪೇಟೆಯಲ್ಲಿ ಸೀರೆ ಹೇಗೋ ಇಲ್ಲಿ ಕಂಪ್ಯೂಟರಿನ ಸಾಮಾನು ಹಾಗೆ. ಮೊದಲ ಅಂಗಡಿಯವರು, "ಅಮ್ಮಾ, ಹಳೇ ಮಷೀನಿಗೆ ಇದು ಸಾಕು" ಎಂದು ಜಿಟಿ 710 ತೆಗೆದಿಟ್ಟರು. ಮಗಳು ತಲೆಯಾಡಿಸಿದಳು, ಅದರ ತಲೆಮಾರಿಗೆ ಹೊಸ ಡ್ರೈವರು 2021ರಲ್ಲೇ ನಿಂತಿದೆ. ಎರಡನೆಯವರು ಮಾರಲು ನೋಡಿದ್ದು ಅದೇ 580. ಈಥೀರಿಯಂ ಎಂಬ ಆನ್‌ಲೈನ್ ನಾಣ್ಯದ ಲೆಕ್ಕಕ್ಕೆ ಇಂಥ ಕಾರ್ಡುಗಳನ್ನು ಹಗಲಿರುಳು ದುಡಿಸುತ್ತಿದ್ದರಂತೆ. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಪದ್ಧತಿಯೇ ಬದಲಾಗಿ ಅವಕ್ಕೆ ಕೆಲಸವಿಲ್ಲವಾಯಿತು, ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಗಾಣಕ್ಕೆ ಹೂಡಿ ಬಿಟ್ಟ ಎತ್ತಿನ ಕಾಲು ನೋಡದೆ ಕೊಳ್ಳುವುದುಂಟೆ? ನಾಲ್ಕು ಜಿ.ಬಿ. ಕಾರ್ಡುಗಳು 2020ರ ಕೊನೆಗೇ ಆ ನಾಣ್ಯದ ಲೆಕ್ಕಕ್ಕೆ ಸಾಲದಾಗಿದ್ದವು ಎಂಬುದು ನಮಗೆ ಒಳ್ಳೆಯದೇ ಆಯಿತು.

ಮೂರನೇ ಅಂಗಡಿಯಲ್ಲಿ ಒಂದೇ ಫ್ಯಾನಿನ 1650 ಸಿಕ್ಕಿತು, ಬಳಸಿದ್ದು. ಟೇಪು ಹಿಡಿದೆ, ಏಳು ಅಂಗುಲಕ್ಕಿಂತ ಕಡಿಮೆ. ಅದೇ ಹೆಸರಿನಲ್ಲಿ ಬೇರೆ ವೈರು ಕೇಳುವ ಮಾದರಿಗಳೂ ಇರುತ್ತವೆ, ತಲೆಯ ಕಡೆ ಆರು ಪಿನ್ನಿನ ಗುಂಡಿ ಇದೆಯೇ ಎಂದು ನೋಡಿಕೊಳ್ಳಬೇಕು. ಅರ್ಧ ಗಂಟೆ ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಿ ತೋರಿಸಿ ಎಂದು ಕೂತೆ. ಪರದೆಯಲ್ಲಿ ಗೆರೆ ಬರಲಿಲ್ಲ, ಫ್ಯಾನು ಕೊರಗುಟ್ಟಲಿಲ್ಲ. ಚೌಕಾಸಿ ಮಾಡಿ 7,200ಕ್ಕೆ ಬಿಲ್ಲು ಸಹಿತ ತಂದೆವು.

ಆದರೂ ಲೆಕ್ಕ ನನ್ನನ್ನು ಬಿಡಲಿಲ್ಲ. 77ಕ್ಕೆ 75 ಕೂಡಿದರೆ 152. ಡಿಸ್ಕು, ಫ್ಯಾನು, ಉಳಿದದ್ದಕ್ಕೆ ಮೂವತ್ತಾದರೂ ಹಿಡಿಯಿರಿ. 192ರಲ್ಲಿ ಉಳಿಯುವುದು ಹತ್ತು ವಾಟ್, ಅದೂ ಹನ್ನೆರಡು ವರ್ಷ ಸವೆದ ಡಬ್ಬದಲ್ಲಿ. ಕಾರ್ಡು ಸುಟ್ಟರೆ ಚೀಟಿಯ ದುಡ್ಡೂ ಹೋಯಿತು, ಹುಡುಗಿಯ ಕೆಲಸವೂ ಹೋಯಿತು. ಅದಕ್ಕೇ 2,900 ಕೊಟ್ಟು ಹೊಸ ಎಸ್.ಎಂ.ಪಿ.ಎಸ್. ಕೊಂಡೆವು. ಅದರಲ್ಲಿ 12 ವೋಲ್ಟಿನ ಮುಂದೆ 36 ಆಂಪಿಯರ್ ಇತ್ತು, ಅಂದರೆ 432 ವಾಟ್. ಹೊರಗೆ ಬರೆದದ್ದು ಇದಕ್ಕೂ 450ಯೇ! ಕಾರ್ಡಿನ ಖರ್ಚಿನಲ್ಲಿ ನನಗೆ ಕೊಂಚವೂ ನೋವಾಗದ ದುಡ್ಡೆಂದರೆ ಇದು.

ಹೊರಡುವ ಹೊತ್ತಿಗೆ ಮಗಳಿಗೆ ಇನ್ನೊಂದು ನೆನಪಾಯಿತು. ನಮ್ಮ ಮಾನಿಟರಿಗೆ ಇರುವುದು ನೀಲಿ ಬಣ್ಣದ ಹಳೆಯ ವಿ.ಜಿ.ಎ. ಪ್ಲಗ್ಗು ಒಂದೇ, ಈ ಕಾರ್ಡಿನಲ್ಲಿ ಆ ತೂತೇ ಇಲ್ಲ. ಎಚ್‌ಡಿಎಂಐಯಿಂದ ವಿ.ಜಿ.ಎ.ಗೆ ಬದಲಿಸುವ ಸಣ್ಣ ಕನ್ವರ್ಟರಿಗೆ 350 ರೂಪಾಯಿ. ನೆನಪಾಗದಿದ್ದರೆ ತಿಪಟೂರಿಗೆ ಬಂದು ಕಪ್ಪು ಪರದೆ ನೋಡಿಕೊಂಡು ಕೂರಬೇಕಿತ್ತು. ಒಟ್ಟು 10,450. ಉಳಿದದ್ದರಲ್ಲಿ ರೈಲು, ಊಟ, ಮಗಳಿಗೊಂದು ಚೂಡಿದಾರದ ಬಟ್ಟೆ.

ಜೋಡಿಸಿದ್ದು ಯಜಮಾನರೇ. ಅಂಗಡಿಯ ಕಾಲದ ಸ್ಕ್ರೂಡ್ರೈವರನ್ನು ಅಟ್ಟದಿಂದ ಇಳಿಸಿ, ಒಳಗಿನ ಧೂಳನ್ನೆಲ್ಲ ಬಣ್ಣದ ಬ್ರಷ್ಷಿನಿಂದ ಗುಡಿಸಿ, "ಇದರೊಳಗೆ ಒಂದು ಸೇರು ಮಣ್ಣಿತ್ತಲ್ಲೇ" ಎನ್ನುತ್ತ ಕೂರಿಸಿದರು. ಬ್ಲೆಂಡರ್ ತೆರೆಯಿತು. ಎರಡು ಗಂಟೆ ಹಿಡಿಯುತ್ತಿದ್ದ ಚಿತ್ರ ಇಪ್ಪತ್ತು ನಿಮಿಷಕ್ಕೆ ಬರುತ್ತದೆ, ಒಂದು ವಿಸಲ್ ಕೂಗಿಸಿ ಬರುವಷ್ಟರಲ್ಲಿ ಅರ್ಧ ಮನೆ ಕಾಣಿಸಿರುತ್ತದೆ. ಗಿಡಮರ ತುಂಬಾ ಹಾಕಿದರೆ ನಾಲ್ಕು ಜಿ.ಬಿ. ತುಂಬಿಹೋಗಿ ನಿಲ್ಲುವುದುಂಟು. ಆಗ ಇವಳು ತೆಂಗಿನ ಮರಗಳನ್ನು ಕಡಿಮೆ ಮಾಡುತ್ತಾಳೆ. ತಿಪಟೂರಿನ ಮನೆಯ ಮುಂದೆ ತೆಂಗಿಲ್ಲವೆಂದರೆ ಹೇಗೆ ಎಂದು ಇವರ ಆಕ್ಷೇಪ.

ಇಂಜಿನಿಯರರು ಮೂರನೇ ಮನೆಯ ಪ್ಲಾನು ಕಳಿಸಿದ್ದಾರೆ. ಮೊದಲೆರಡರ ಹಣ ಬಂತು, ಅದರಲ್ಲಿ ಮಗಳು ನನ್ನ ಹೆಸರಿಗೇ ಮತ್ತೆ ಚೀಟಿ ಹಾಕಿದ್ದಾಳೆ.