ದನದ ಡಾಕ್ಟ್ರ ಸಂಘ ಮತ್ತು ನಮ್ಮ ಕೇರಿ

ದನದ ಡಾಕ್ಟ್ರಿಗೆ ಸಂಘ ಐತೆ. ಸತ್ತ ದನ ಎಳೆಯೋನಿಗೆ ಸಂಘ ಇಲ್ಲ. ಈ ಎರಡು ಮಾತಿನ ನಡುವಿನ ದೂರ ಎಷ್ಟು ಅಂತ ಅಳೆಯೋದಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ.

ನಾವು ಕೂಡ್ಲಿಗಿ ಸೀಮೆಯ ಕೇರಿಯವರು. ನಮ್ಮ ಮನೆಯೊಳಗೆ ಡಿಗ್ರಿ ಎಂಬ ಕಾಗದ ಬಂದದ್ದು ನಮ್ಮಿಂದಲೇ ಮೊದಲು. ಬಿ.ಎ. ಮುಗಿಸಿ ಪದ್ಯ ಬರೆದುಕೊಂಡಿರುವ ನಮಗೆ ಪಶುವೈದ್ಯರ ಸಂಘದ ಗೊಡವೆ ಯಾಕೆ ಎಂದು ಓದುಗರು ಕೇಳಬಹುದು. ಕಾರಣ ಐತೆ. ನಮ್ಮ ದೊಡ್ಡಪ್ಪನ ಮಗ ನಮ್ಮ ಕೇರಿಯ ಮೊದಲ ದನದ ಡಾಕ್ಟ್ರು. ಆತ ಈಗ ತನ್ನ ಸಂಘದ ಚುನಾವಣೆಗೆ ನಿಂತಿದ್ದಾನೆ. "ಮೊದಲು ಜಿಲ್ಲೆ, ಆಮೇಲೆ ರಾಜ್ಯ, ಆಮೇಲೆ ದಿಲ್ಲಿ. ಏಣಿ ಹಿಂಗೈತೆ" ಅಂತಾನೆ. ಕೇರಿಯ ಹುಡುಗರಿಗೆ ಹಿಗ್ಗು. ನಮ್ಮ ದೊಡ್ಡವ್ವ ಮಾತ್ರ ಹಿಗ್ಗೋದಕ್ಕೆ ಮುಂಚೆ ಕೇಳಿದಳು: "ಆ ಸಂಘ ಏನ್ ಮಾಡ್ತೈತೋ ಯಪ್ಪಾ?"

"ಡಾಕ್ಟ್ರುಗಳ ಪರವಾಗಿ ಮಾತಾಡ್ತೈತೆ ಯವ್ವ."

"ದನದ ಪರವಾಗಿ?"

"ಅದೂ ಮಾತಾಡ್ತೈತೆ."

"ದನ ಎಳೆದೋರ ಪರವಾಗಿ?"

ಅಣ್ಣ ಉತ್ತರ ಕೊಡಲಿಲ್ಲ. ಆ ಉತ್ತರ ಅವನೊಬ್ಬನೇ ಕೊಡಬೇಕಾದದ್ದೂ ಅಲ್ಲ.

ಈ ಸಂಘದ ಚರಿತ್ರೆ ಸಣ್ಣದಲ್ಲ. ಭಾರತೀಯ ಪಶುವೈದ್ಯರ ಸಂಘ ಹೊರತರುವ 'ಇಂಡಿಯನ್ ವೆಟರ್ನರಿ ಜರ್ನಲ್' 1924ರಲ್ಲಿ ಮದ್ರಾಸಿನಲ್ಲಿ ಶುರುವಾಯಿತು. ಮದ್ರಾಸಿನ ಪಶುವೈದ್ಯ ಕಾಲೇಜು ಅದಕ್ಕೂ ಮೊದಲು, 1903ರದು. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಂದರೆ ದೇಶದ ದನದ ಡಾಕ್ಟ್ರುಗಳು ತಮ್ಮ ಪತ್ರಿಕೆ ಅಚ್ಚು ಹಾಕಿಸುತ್ತಿದ್ದ ಹೊತ್ತಿಗೆ ನಮ್ಮ ಮುತ್ತಾತ ಅದೇ ಪ್ರಾಂತ್ಯದ ಈ ಮೂಲೆಯಲ್ಲಿ ಸತ್ತ ಎತ್ತಿನ ಕಾಲಿಗೆ ಹಗ್ಗ ಬಿಗಿಯುತ್ತಿದ್ದ. ಅವರು ದನವನ್ನು ಓದಿ ತಿಳಿದರು, ಇವನು ಕೊಯ್ದು ತಿಳಿದ.

ಕೊಯ್ದು ತಿಳಿದದ್ದೂ ತಿಳಿವಳಿಕೆಯೇ. ನಮ್ಮ ತಾತ ಕುರಿಯ ಹೊಟ್ಟೆ ಸೀಳಿದರೆ ಈಲಿಯೊಳಗಿನ ಎಲೆಯಂಥ ಹುಳ ತೋರಿಸಿ, "ಇದು ಕೆರೆ ಅಂಚಿನ ಹುಲ್ಲು ಮೇಯ್ದ ಕುರಿ" ಅಂತ ಹೇಳುತ್ತಿದ್ದನಂತೆ. ಆ ಹುಳದ ಮರಿ ನೀರಿನ ಬಸವನಹುಳುವಿನೊಳಗೆ ಬೆಳೆದು ಹುಲ್ಲಿಗೆ ಅಂಟಿಕೊಂಡು ಕುರಿಯ ಹೊಟ್ಟೆ ಸೇರುತ್ತದೆ ಎಂದು ಅಣ್ಣ ತನ್ನ ಪುಸ್ತಕ ತೆಗೆದು ತೋರಿಸಿದ. ತಾತನ ಮಾತಿಗೂ ಪುಸ್ತಕದ ಮಾತಿಗೂ ಜಗಳವಿರಲಿಲ್ಲ. ಆದರೆ ಡಾಕ್ಟ್ರು ಕೊಯ್ದರೆ ಅದಕ್ಕೆ ಮರಣೋತ್ತರ ಪರೀಕ್ಷೆ ಎಂದು ಹೆಸರು, ಸಂಬಳ, ರಿಪೋರ್ಟು. ತಾತ ಕೊಯ್ದರೆ ಮೈಲಿಗೆ. ಕೂಲಿ ಅಂದರೆ ಒಂದು ತೊಗಲು, ಅದರಲ್ಲೂ ಊರಿನ ಮಿಣಿ, ಬಾರುಕೋಲು, ಕೆರ ಹೊಲಿದು ಕೊಡಬೇಕು. ನಮ್ಮ ಪಕ್ಕದ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತು ಸತ್ತರೆ ಮರ್ಯಾದೆ ಮಾಡಿ ಮಣ್ಣು ಕೊಡುತ್ತಾರೆ. ಹೂಳುವುದು ಮರ್ಯಾದೆಯ ಕೆಲಸ, ಎಳೆಯುವುದು ಮಾತ್ರ ಅಲ್ಲ. ಕೆಲಸದಲ್ಲಿ ಹೊಲಸಿಲ್ಲ, ಯಾರಿಂದ ಮಾಡಿಸುತ್ತಾರೆ ಎಂಬುದರಲ್ಲಿ ಹೊಲಸಿದೆ.

ಅಣ್ಣ ಓದಿದ ಕಡೆ ಒಂದು ದಿನ ಸತ್ತ ಕರುವನ್ನು ಕೊಯ್ಯುವ ಪಾಠ. ಎಲ್ಲರೂ ಮೂಗಿಗೆ ಬಟ್ಟೆ ಹಿಡಿದಿದ್ದರು. ಇವನ ಕೈ ಚುರುಕಾಗಿ ನಡೆಯಿತು. ಪಕ್ಕದಲ್ಲಿದ್ದವನು ನಗುತ್ತಾ, "ನಿನಗೆ ಬಿಡಪ್ಪ, ರಕ್ತದಾಗೇ ಬಂದೈತೆ" ಅಂದನಂತೆ. ಅವತ್ತು ಎಲ್ಲರೂ ಕೊಯ್ದದ್ದು ಅದೇ ಹೆಣ. ಮೈಲಿಗೆ ಮಾತ್ರ ಒಬ್ಬನ ಪಾಲಿಗೆ ಬಂತು. ಹಾಗಂದವನೂ ಇವತ್ತು ಡಾಕ್ಟ್ರು, ಇಬ್ಬರೂ ಒಂದೇ ಸಂಘದ ಸದಸ್ಯರು.

ಡಾಕ್ಟ್ರುಗಳ ಮೇಲೆ ನಮಗೆ ಹಗೆಯಿಲ್ಲ, ಋಣವೂ ಐತೆ. 19ನೇ ಶತಮಾನದಲ್ಲಿ ಉತ್ತರ ಭಾರತದಲ್ಲಿ ದನ ಸತ್ತರೆ ಬ್ರಿಟಿಷ್ ಅಧಿಕಾರಿಗಳು ಮೊದಲು ಹಿಡಿಯುತ್ತಿದ್ದದ್ದು ಚಮ್ಮಾರರನ್ನು. ತೊಗಲಿನ ಆಸೆಗೆ ಇವರೇ ಪಾಷಾಣ ಹಾಕುತ್ತಾರೆ ಎಂದು ಆರೋಪ. ದನಗಳು ಸಾಯುತ್ತಿದ್ದದ್ದು ಬಹಳ ಕಡೆ ದೊಡ್ಡರೋಗದಿಂದ. ಸೈನ್ಯದ ಪಶುವೈದ್ಯ ಹ್ಯಾಲೆನ್ ಮುಂದಾಳತ್ವದ ಆಯೋಗ 1871ರಲ್ಲಿ ಆ ಪಿಡುಗಿನ ಬಗ್ಗೆ ದೊಡ್ಡ ವರದಿ ಕೊಟ್ಟಿತು. ವರದಿ ಬಂದ ಮೇಲೂ ಆರೋಪ ತಟ್ಟನೆ ಸಾಯಲಿಲ್ಲ, ಅದು ಬೇರೆ ಮಾತು. 1889ರಲ್ಲಿ ಪುಣೆಯಲ್ಲಿ ಹುಟ್ಟಿ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯದಲ್ಲಿ ಲಸಿಕೆಯ ಕೆಲಸ ನಡೆಯಿತು. 1992ರಲ್ಲಿ ದೇಶ ಈ ರೋಗವನ್ನು ಬೇರು ಸಮೇತ ಕೀಳುವ ಯೋಜನೆ ಹಾಕಿತು. 1995ರ ಮೇಲೆ ಭಾರತದಲ್ಲಿ ಅದು ಕಾಣಲಿಲ್ಲ. 2011ರಲ್ಲಿ ದೊಡ್ಡರೋಗ ಭೂಮಿಯ ಮೇಲೇ ಇಲ್ಲ ಎಂದು ಜಗತ್ತು ಸಾರಿತು. ಸಿಡುಬಿನ ನಂತರ ಮನುಷ್ಯ ಅಳಿಸಿಹಾಕಿದ ಎರಡನೇ ರೋಗ ಇದು. ಇದು ಪಶುವೈದ್ಯರ ಹೆಮ್ಮೆ. ಹೆಮ್ಮೆ ಪಡಲಿ. ಆದರೆ ಹಳ್ಳಿ ಹಳ್ಳಿಯಲ್ಲಿ ಐಸಿನ ಡಬ್ಬಿ ಹೊತ್ತವರು, ದನದ ಕೊಂಬು ಹಿಡಿದವರು, ಒದೆಸಿಕೊಂಡವರು ಯಾರು? ಅವರ ಹೆಸರು ಯಾವ ಸನ್ಮಾನ ಪತ್ರದಲ್ಲಿ ಬಂತು?

ಈಗ ಕಾನೂನಿನ ಮಾತಿಗೆ ಬರೋಣ. 1984ರಲ್ಲಿ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯ್ದೆ ಬಂತು. ಪರಿಷತ್ತಿನಲ್ಲಿ ಯಾರು ಕೂರಬೇಕು ಎಂಬುದನ್ನು ಆ ಕಾಯ್ದೆಯೇ ಬರೆದಿಟ್ಟಿದೆ. ರಾಜ್ಯಗಳ ಪಶುಸಂಗೋಪನೆ ನಿರ್ದೇಶಕರು, ಕಾಲೇಜುಗಳ ಮುಖ್ಯಸ್ಥರು, ಕೇಂದ್ರದ ಕಮಿಷನರು, ಪಶುವೈದ್ಯರ ಸಂಘದ ಒಬ್ಬ ಪ್ರತಿನಿಧಿ, ಜೊತೆಗೆ ನೋಂದಾಯಿತ ಡಾಕ್ಟ್ರುಗಳೇ ಓಟು ಹಾಕಿ ಆರಿಸುವ 11 ಮಂದಿ. ಡಿಗ್ರಿ ಇಲ್ಲದವನು ಚಿಕಿತ್ಸೆ ಮಾಡಬಾರದು, ಡಿಪ್ಲೊಮಾದವರು ಸಣ್ಣಪುಟ್ಟ ಸೇವೆಯನ್ನು ಡಾಕ್ಟ್ರ ಮೇಲ್ವಿಚಾರಣೆಯಲ್ಲಿ ಮಾಡಬಹುದು ಎಂದೂ ಅದರಲ್ಲಿ ಐತೆ. ಇದು ಸರಿಯೇ. ನಾಟಿ ಹೆಸರಲ್ಲಿ ಯಾರು ಬೇಕಾದರೂ ಸೂಜಿ ಚುಚ್ಚಬಾರದು. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಆಸ್ಪತ್ರೆಯ ಡಿ ಗ್ರೂಪ್ ನೌಕರನಿಗೆ ಕುರ್ಚಿ ಇಲ್ಲ. ಗೌರವಧನಕ್ಕೆ ಮನೆಮನೆ ಸುತ್ತುವ ಪಶುಸಖಿಗೆ ಇಲ್ಲ. ಸತ್ತ ದನದ ವಿಲೇವಾರಿ ಮಾಡುವವನು ಈ ವೃತ್ತಿಯ ಲೆಕ್ಕದೊಳಗೇ ಇಲ್ಲ. ದನದ ಬದುಕು ಇಲಾಖೆಗೆ ಸೇರಿದ್ದು, ದನದ ಸಾವು ಕೇರಿಗೆ ಸೇರಿದ್ದು. ಇದನ್ನು ಯಾರೂ ಬರೆದಿಲ್ಲ, ಆದರೂ ನಡೆಯುತ್ತದೆ.

ಲೆಕ್ಕದೊಳಗೆ ಇಲ್ಲದವನು ಸಾಯುವುದು ಹೇಗೆ ಎಂಬುದಕ್ಕೆ ನೆರಡಿ ರೋಗ ನೋಡಿ. ಅಂಥ್ರಾಕ್ಸ್ ಅಂತಾರೆ. ಕೊಟ್ಟೂರು, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಕುರಿಗಾರರಿಗೆ ಈ ಹೆಸರಿನ ಭಯ ಗೊತ್ತು. ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಹೊಟ್ಟೆಯುಬ್ಬಿ ಬಿದ್ದಿರುತ್ತದೆ. ಮೂಗು, ಬಾಯಿ, ಹಿಂದಿನಿಂದ ಕರೀ ರಕ್ತ. ಆ ರಕ್ತ ಹೆಪ್ಪುಗಟ್ಟುವುದಿಲ್ಲ. ಅಂಥ ಹೆಣವನ್ನು ಕೊಯ್ಯಬಾರದು. ಕೊಯ್ದರೆ ರೋಗಾಣು ಗಾಳಿ ತಾಗಿ ಗಟ್ಟಿ ಬೀಜ ಕಟ್ಟಿಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ಆಳವಾದ ಗುಂಡಿ ತೋಡಿ, ಸುಣ್ಣ ಸುರಿದು ಇಡಿಯಾಗಿ ಹೂಳಬೇಕು. ರಾಬರ್ಟ್ ಕಾಕ್ ಈ ರೋಗಾಣುವಿನ ಬಾಳನ್ನು 1876ರಲ್ಲೇ ಬಿಡಿಸಿಟ್ಟ. 1881ರಲ್ಲಿ ಪಾಶ್ಚರ್ ಕುರಿಗಳಿಗೆ ಲಸಿಕೆ ಹಾಕಿ ತೋರಿಸಿದ. ಲಸಿಕೆ ಇವತ್ತು ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಾಗುತ್ತದೆ. ವಿದ್ಯೆ ಇಷ್ಟು ಹಳೆಯದು. ಆದರೆ ಈ ವಿದ್ಯೆ ಕೇರಿಗೆ ಬಂದು ಯಾರಿಗೆ ಹೇಳಿತು?

ನಮ್ಮ ತಾತನ ಕಾಲಕ್ಕೆ ನಮ್ಮ ಕೇರಿಯ ಒಬ್ಬ ಹಿರಿಯ ಅಂಥದೊಂದು ಎತ್ತನ್ನು ಸುಲಿದ. "ಬಾಯಾಗ ಕರೀ ರಕ್ತ ಐತೆ, ಒಲ್ಲೆ ಗೌಡ್ರೆ" ಅಂದಿದ್ದನಂತೆ. ಒಲ್ಲೆ ಅನ್ನೋ ಹಕ್ಕು ಅವನಿಗಿರಲಿಲ್ಲ. ಮುಂಗೈ ಮೇಲೆ ಸಣ್ಣ ಗುಳ್ಳೆ ಎದ್ದು, ನಡುವೆ ಕಲ್ಲಿದ್ದಲಿನಂಥ ಕರೀ ಹುಣ್ಣಾಯಿತು. ನೋವೇ ಇರಲಿಲ್ಲವಂತೆ. ನೋವಿಲ್ಲದ್ದಕ್ಕೆ ಯಾರೂ ಆಸ್ಪತ್ರೆಗೆ ಒಯ್ಯಲಿಲ್ಲ. ಎಂಟು ದಿನಕ್ಕೆ ಸತ್ತ. ಎತ್ತಿನ ಸಾವಿಗೆ ಊರು ಮರುಗಿತು. ಅವನ ಸಾವನ್ನು ದೆವ್ವದ ಲೆಕ್ಕಕ್ಕೆ ಬರೆದರು.

ಸತ್ತ ದನದ ಮೇಲೆ ನಮ್ಮ ಜೊತೆ ಹಕ್ಕಿದ್ದ ಇನ್ನೊಂದು ಕುಲ ಇತ್ತು, ರಣಹದ್ದು. ನಮ್ಮವರು ಸುಲಿದು ಬಂದರೆ ಮಿಕ್ಕದ್ದನ್ನು ಅವು ಚೊಕ್ಕ ಮಾಡುತ್ತಿದ್ದವು. 1990ರ ದಶಕದಲ್ಲಿ ಅವು ದೇಶದ ತುಂಬ ಬಿದ್ದು ಸತ್ತವು. ಮೂರು ಜಾತಿಯ ಹದ್ದುಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಅಳಿದವು. ಕಾರಣ 2004ರಲ್ಲಿ ಹೊರಬಿತ್ತು. ದನದ ನೋವಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿ ಹೆಣದೊಳಗೆ ಉಳಿದು ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧವಾಯಿತು. ಅಂಥದೇ ಇನ್ನೆರಡು ಔಷಧಿ ನಿಷೇಧವಾಗಲು 2023ರವರೆಗೆ ಕಾಯಬೇಕಾಯಿತು. ಬದುಕಿದ ದನಕ್ಕೆ ಬರೆದ ಚೀಟಿಯ ಬೆಲೆಯನ್ನು ಸತ್ತ ದನ ಮುಟ್ಟುವವರು ತೆತ್ತರು. ಹೆಣದ ಕಡೆ ತಿರುಗಿ ನೋಡದ ವಿದ್ಯೆಗೆ ಹೀಗಾಗುತ್ತದೆ. ಹದ್ದಿಗಾದರೂ ಆಮೇಲೆ ಅಭಯಧಾಮ ಬಂತು, ರಾಮನಗರದಲ್ಲಿ.

ಮುಂದಾಳತ್ವ ಯಾರದು ಎಂಬ ಪ್ರಶ್ನೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ಪಶುವೈದ್ಯರ ಸಂಘ ಹುಟ್ಟಿದ್ದು 1863ರಲ್ಲಿ, ಗುಲಾಮರ ಬಿಡುಗಡೆಗಾಗಿ ಯುದ್ಧ ನಡೆದಿದ್ದ ಕಾಲದಲ್ಲಿ. ಅಲ್ಲಿ ಕರಿಯರ ಮಕ್ಕಳಿಗೆ ದನದ ಡಾಕ್ಟ್ರ ವಿದ್ಯೆ ಸಿಗುವುದು ದುರ್ಲಭವಾಗಿದ್ದಾಗ, ಫ್ರೆಡರಿಕ್ ಪ್ಯಾಟರ್ಸನ್ ಎಂಬ ಕರಿಯ ಪಶುವೈದ್ಯ 1940ರ ದಶಕದಲ್ಲಿ ಟಸ್ಕೀಗಿಯಲ್ಲಿ ತಮ್ಮದೇ ಶಾಲೆ ಕಟ್ಟಿದ. ಆ ದೇಶದ ಕರಿಯ ಪಶುವೈದ್ಯರಲ್ಲಿ ಹೆಚ್ಚಿನವರು ಅಲ್ಲೇ ಓದಿದವರು. ರಾಷ್ಟ್ರ ಸಂಘಕ್ಕೆ ಮೊದಲ ಹೆಣ್ಣು ಅಧ್ಯಕ್ಷೆ ಬಂದದ್ದು 1996ರಲ್ಲಿ. ಮೊದಲ ಕರಿಯ ಅಧ್ಯಕ್ಷ ಮೈಕಲ್ ಬೇಲಿ ಕುರ್ಚಿ ಏರಿದ್ದು 2025ರಲ್ಲಿ. 162 ವರ್ಷ ಹಿಡಿಯಿತು. ಕುರ್ಚಿಯ ದಾರಿ ಅಷ್ಟು ಉದ್ದ. ನಮ್ಮ ಅಣ್ಣನೂ ಒಂದು ದಿನ ದಿಲ್ಲಿಯ ಆ ಕುರ್ಚಿಯಲ್ಲಿ ಕೂರಲಿ ಎಂಬ ಆಸೆ ನಮಗೂ ಇದೆ. ಮೀಸಲಾತಿಯಿಂದ ಸೀಟು ಸಿಕ್ಕವನು ಸಂಘದ ವೇದಿಕೆಯ ಕೆಳಗೇ ಕೂತು ಚಪ್ಪಾಳೆ ತಟ್ಟಬೇಕು ಎಂಬ ಶಾಸನ ಎಲ್ಲೂ ಇಲ್ಲ.

ಆದರೆ ಕುರ್ಚಿ ಏರಿದವನ ಜಾತಿ ಬದಲಾದರೆ ಸಾಲದು. ಸಭೆಯ ವಿಷಯಪಟ್ಟಿ ಬದಲಾಗಬೇಕು. ಖಾಲಿ ಹುದ್ದೆ, ಬಡ್ತಿ, ವೇತನ ಶ್ರೇಣಿ, ಎಂ.ಬಿ.ಬಿ.ಎಸ್. ಡಾಕ್ಟ್ರ ಸಮಕ್ಕೆ ಮರ್ಯಾದೆ, ಇವು ಡಾಕ್ಟ್ರುಗಳ ನ್ಯಾಯವಾದ ಬೇಡಿಕೆಗಳು. ಒಬ್ಬ ಡಾಕ್ಟ್ರು ಹತ್ತಾರು ಹಳ್ಳಿ ಸುತ್ತುವುದನ್ನು ನಾವೂ ಕಣ್ಣಾರೆ ಕಂಡಿದ್ದೇವೆ. ಮನುಷ್ಯರ ಡಾಕ್ಟ್ರ ಮುಂದೆ ತಾವು ಕೀಳೆನಿಸಿಕೊಂಡ ಸಂಕಟ ಅವರಿಗೆ ಗೊತ್ತು. ಆ ಸಂಕಟ ಗೊತ್ತಿದ್ದವರಿಗೆ ತಮಗಿಂತ ಕೆಳಗೆ ನಿಂತವನ ಸಂಕಟ ಯಾಕೆ ಕಾಣಬಾರದು?

2016ರ ಜುಲೈನಲ್ಲಿ ಗುಜರಾತಿನ ಊನಾ ಹತ್ತಿರ ಸತ್ತ ಹಸು ಸುಲಿದ ಹುಡುಗರನ್ನು ಕಟ್ಟಿ ಹೊಡೆದರು. ಆಮೇಲೆ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿ ಮುಂದೆ ಸುರಿದು, ಇನ್ನು ಎತ್ತುವುದಿಲ್ಲ ಎಂದರು. ಅದೇ ವರ್ಷದ ಜನವರಿ 26ರಿಂದ, ಪರಿಶಿಷ್ಟರಿಂದ ಪ್ರಾಣಿಯ ಹೆಣ ಹೊರಿಸುವುದು, ವಿಲೇವಾರಿ ಮಾಡಿಸುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕಾನೂನು ಬಂತು. ಆದರೆ ದನ ಸಾಯುವುದು ನಿಲ್ಲುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ದನಗಳನ್ನು ಯಾರಾದರೂ ಹೂಳಲೇಬೇಕಿತ್ತು. ಆ ಕೆಲಸ ಜಾತಿಯ ಹೆಗಲಿಂದ ಇಳಿದು ಸರ್ಕಾರದ ಹೆಗಲಿಗೆ ಹೋಗಬೇಕು. ಇದನ್ನು ಗಟ್ಟಿಯಾಗಿ ಹೇಳಬಲ್ಲವರು ರೋಗ ತಿಳಿದವರೇ, ಅಂದರೆ ಪಶುವೈದ್ಯರೇ.

ಆದ್ದರಿಂದ ನಾವು ಅಣ್ಣನ ಕೈಗೆ ಒಂದು ಹಾಳೆ ಬರೆದುಕೊಟ್ಟಿದ್ದೇವೆ. ಪ್ರತಿ ಪಂಚಾಯಿತಿಗೆ ಹೆಣ ಹೂಳುವ ಜಾಗ, ಗುಂಡಿ ತೋಡುವ ಯಂತ್ರ, ಸುಣ್ಣ. ಆ ಕೆಲಸಕ್ಕೆ ಯಾವ ಜಾತಿಯವನಾದರೂ ಸರಿ, ಸಂಬಳ, ಕೈಗವಸು, ಬೂಟು, ವಿಮೆ. ನೆರಡಿ ರೋಗದ ಗುರುತುಗಳನ್ನು ಕೇರಿ ಕೇರಿಗೆ ಬಂದು ಕಲಿಸುವುದು. ದನ ಸತ್ತ ಕಡೆ ಮನುಷ್ಯರ ಕೈ ಮೇಲೆ ಕರೀ ಹುಣ್ಣು ಎದ್ದಿದೆಯೇ ಎಂದು ಡಾಕ್ಟ್ರು ಕೇಳಿ ಬರೆದುಕೊಳ್ಳುವುದು. ಡಿ ಗ್ರೂಪ್ ನೌಕರರನ್ನೂ ಪಶುಸಖಿಯರನ್ನೂ ಸಂಘದ ಸಭೆಗೆ ಕರೆದು, ಊಟ ಬಡಿಸಲಿಕ್ಕಲ್ಲ, ಮಾತಾಡಲಿಕ್ಕೆ ಕೂರಿಸುವುದು.

ಅಣ್ಣ ಓದಿ, "ಇದನ್ನ ಹಿಡ್ಕೊಂಡು ಓಟು ಕೇಳಿದ್ರೆ ಓಟು ಬೀಳಲ್ಲಪ್ಪ" ಅಂದ. ಬೀಳದಿರಬಹುದು. ಗೆದ್ದರೆ ಮೊದಲ ಸಭೆಯಲ್ಲಿ ಈ ಹಾಳೆ ಓದಬೇಕು, ಸೋತರೆ ಕೆಳಗೆ ನಿಂತೇ ಓದಬೇಕು ಎಂದು ನಾವು ಹೇಳಿದ್ದೇವೆ. ಈ ಪತ್ರಿಕೆ ಓದುವ ದನದ ಡಾಕ್ಟ್ರುಗಳು, ಕಾಂಪೌಂಡರುಗಳು, ಆಸ್ಪತ್ರೆಯ ಜವಾನರು ತಂತಮ್ಮ ತಾಲೂಕಿನಲ್ಲಿ ದನ ಸತ್ತರೆ ಯಾರು ಎಳೆಯುತ್ತಾರೆ, ಏನು ಕೊಡುತ್ತಾರೆ, ಯಾರು ಸತ್ತರು ಎಂಬುದನ್ನು ಬರೆದು ಕಳಿಸಲಿ. ಹಾಳೆಗೆ ಅದನ್ನೂ ಸೇರಿಸುತ್ತೇವೆ.