ಬಲಗಡೆಯ ಗುಂಡಿಗೆ

ನಮ್ಮ ಜನರಿಗೆ ಬಲದ ಮೇಲಿರುವ ವ್ಯಾಮೋಹ ಹೇಳತೀರದು. ಹೊಸ ಸೊಸೆ ಹೊಸ್ತಿಲು ದಾಟುವುದು ಬಲಗಾಲಿಟ್ಟು; ಪ್ರದಕ್ಷಿಣೆ ಬರುವುದು ದೇವರನ್ನು ಬಲಕ್ಕಿಟ್ಟುಕೊಂಡು; ಕೊಡುವುದಕ್ಕೂ ಕೊಳ್ಳುವುದಕ್ಕೂ ಬಲಗೈಯೇ ಆಗಬೇಕು. ಎಡವಟ್ಟು, ಎಡಬಿಡಂಗಿ ಎಂದು ಬೈಗುಳಗಳನ್ನೆಲ್ಲ ಪಾಪ, ಎಡಕ್ಕೇ ಕಟ್ಟಿದ್ದೇವೆ. ಇಷ್ಟಾದರೂ ಗುಂಡಿಗೆಯೊಂದು ಮಾತ್ರ ಎಡಗಡೆಗೇ ಇರಬೇಕೆಂದು ನಮ್ಮೆಲ್ಲರ ಹಟ. ಅಣ್ಣನ ಮಗಳ ಗುಂಡಿಗೆ ಬಲಗಡೆಗಿದೆಯೆಂದು ತಿಳಿದ ದಿನ ಹತ್ತರಗಿಯ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಹುಡುಗಿಗೆ ಇಪ್ಪತ್ತಮೂರು ವರ್ಷ. ನೌಕರಿಗೆ ಸೇರುವ ಮೊದಲಿನ ತಪಾಸಣೆಗೆಂದು ಬೆಳಗಾವಿಗೆ ಹೋಗಿದ್ದಳು. ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು ಫಿಲ್ಮನ್ನು ಒಮ್ಮೆ ತಿರುಗಿಸಿ ಹಿಡಿದರಂತೆ, ಮತ್ತೊಮ್ಮೆ ತಿರುಗಿಸಿದರಂತೆ. ಕೊನೆಗೆ ಸ್ಟೆತಾಸ್ಕೋಪನ್ನು ಎದೆಯ ಬಲಭಾಗಕ್ಕಿಟ್ಟು ಕೇಳಿ ನಕ್ಕುಬಿಟ್ಟರಂತೆ. ಸ್ಕ್ಯಾನಿಂಗಿನಲ್ಲಿ ಯಕೃತ್ತು ಎಡಕ್ಕೂ ಗುಲ್ಮ ಬಲಕ್ಕೂ ಕಂಡವು. ಒಳಗಿನ ಸಂಸಾರವೆಲ್ಲ ಕನ್ನಡಿಯೊಳಗಿನ ಪ್ರತಿಬಿಂಬದಂತೆ ಅದಲುಬದಲು. ಸುಮಾರು 10,000 ಜನರಲ್ಲಿ ಒಬ್ಬರು ಹೀಗಿರುತ್ತಾರೆ. “ಚಿಕ್ಕಂದಿನಿಂದ ನೆಗಡಿ, ಕೆಮ್ಮು ಬಿಡದೆ ಕಾಡಿದ್ದುಂಟೆ?” ಎಂದು ಡಾಕ್ಟರು ಕೇಳಿದರು. ಇಲ್ಲವೆಂದಳು. “ಹಾಗಾದರೆ ನಿಶ್ಚಿಂತಳಾಗಿರು. ಆದರೆ ಮುಂದೆ ಯಾವ ವೈದ್ಯರ ಬಳಿಗೆ ಹೋದರೂ ಮೊದಲು ಈ ಸಂಗತಿ ಹೇಳು, ನಿನ್ನ ಅಪೆಂಡಿಕ್ಸ್ ಎಡಗಡೆಗಿದೆ” ಎಂದು ಕಳಿಸಿದರು.

ನಿಶ್ಚಿಂತೆ ಎಲ್ಲಿಂದ ಬರಬೇಕು! ಅದೇ ತಿಂಗಳು ಸಂಕೇಶ್ವರದ ಕಡೆಯಿಂದ ಒಂದು ಸಂಬಂಧ ಕೂಡಿಬರುವುದರಲ್ಲಿತ್ತು. “ಎದಿ ಸೀಳಿ ಯಾರರ ನೋಡತಾರೇನ? ಎಲ್ಲಾರೂ ಬಾಯಿ ಮುಚ್ಚಿಕೊಂಡಿರ್ರಿ” ಎಂದು ನಮ್ಮ ಅವ್ವ ಅಪ್ಪಣೆ ಮಾಡಿದಳು. ಅಣ್ಣ ತಲೆ ತಗ್ಗಿಸಿ ಕುಳಿತ. ಹುಡುಗಿ ಮಾತ್ರ ನನ್ನ ಬಳಿಗೆ ಬಂದು, “ಕಾಕಾ, ಇದು ರೋಗ ಅಲ್ಲಂದ್ರ ಮುಚ್ಚೂದ್ಯಾಕ? ರೋಗ ಅಂದ್ರ ಮುಚ್ಚಿದ್ದು ತಪ್ಪಲ್ಲೇನು? ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸೀರಿ, ಇದು ಹೆಂಗಾತು ಅನ್ನೂದರ ಹೇಳ್ರಿ” ಎಂದಳು.

ಆಗ ಮೃಗಶಿರಾ ಮಳೆ ಹಿಡಿದಿತ್ತು. ಕಬ್ಬಿನ ಹೊಲದ ಬದುವಿನಲ್ಲಿ ನಿಂತ ನೀರಿಗೆ ಅವಳನ್ನು ಕರೆದೊಯ್ದು ಕಪ್ಪೆಯ ತತ್ತಿಗಳನ್ನು ತೋರಿಸಿದೆ. ಮೇಲೆ ಕಪ್ಪು, ಕೆಳಗೆ ಬಿಳುಪು, ಸುತ್ತ ಲೋಳೆ. ಆ ಗುಂಡನೆಯ ತತ್ತಿಗೆ ಬೆನ್ನು ಯಾವುದು, ಹೊಟ್ಟೆ ಯಾವುದು? ಗಂಡಿನ ವೀರ್ಯಾಣು ಒಳಹೊಕ್ಕ ಜಾಗ ಅದನ್ನು ತೀರ್ಮಾನಿಸುತ್ತದೆ. ಅದು ಹೊಕ್ಕ ಮೇಲೆ, ತತ್ತಿ ಇನ್ನೂ ಎರಡಾಗಿ ಸೀಳುವ ಮೊದಲೇ, ಅದರ ಹೊರಪದರ ಸುಮಾರು 30 ಡಿಗ್ರಿಯಷ್ಟು ಹೊರಳುತ್ತದೆ. ಅತಿಥಿ ಬಂದ ಬಾಗಿಲಿಗೆ ಎದುರಿನ ಭಾಗ ಬೆನ್ನಾಗುತ್ತದೆ.

ಮುಂದಿನದೆಲ್ಲ ಜೀವಕೋಶಗಳು ತಮ್ಮತಮ್ಮೊಳಗೆ ಆಡುವ ಮಾತು. 1924ರಲ್ಲಿ ಜರ್ಮನಿಯ ಹಾನ್ಸ್ ಸ್ಪೇಮಾನ್ ಮತ್ತು ಅವರ ಶಿಷ್ಯೆ ಹಿಲ್ಡೆ ಮಾಂಗೋಲ್ಡ್ ಒಂದು ವಿಚಿತ್ರವನ್ನು ಪ್ರಕಟಿಸಿದರು. ಕಪ್ಪೆಯ ದಾಯಾದಿಯಾದ ನ್ಯೂಟ್ ಎಂಬ ಪ್ರಾಣಿಯ ಭ್ರೂಣದಲ್ಲಿ ಬೆನ್ನಾಗಲಿದ್ದ ಭಾಗದ ಒಂದು ಚೂರನ್ನು ಮತ್ತೊಂದು ಭ್ರೂಣದ ಹೊಟ್ಟೆಯ ಕಡೆಗೆ ನೆಟ್ಟಾಗ, ಅಲ್ಲಿ ಎರಡನೆಯ ದೇಹವೇ ಮೂಡಿತು. ಅದರ ಬಹುಪಾಲು ಕೋಶಗಳು ಆಶ್ರಯ ಕೊಟ್ಟ ಭ್ರೂಣದವೇ. ಅಪ್ಪಣೆ ಪರಕೀಯರದು, ದುಡಿದವರು ಮನೆಯವರು! ಆ ವರ್ಷವೇ ಮನೆಯಲ್ಲಿ ಆದ ಬೆಂಕಿಯ ಅಪಘಾತದಲ್ಲಿ ಹಿಲ್ಡೆ ತೀರಿಹೋದಳು. ಆಗ ಅವಳಿಗೆ 25 ವರ್ಷ. ಗುರುವಿಗೆ 1935ರಲ್ಲಿ ನೊಬೆಲ್ ಬಂದಿತು. ಆ ಅಪ್ಪಣೆಯ ಮುಖ್ಯ ಪದಗಳಲ್ಲೊಂದಾದ ಕಾರ್ಡಿನ್ ಎಂಬ ಪ್ರೋಟೀನು ಪತ್ತೆಯಾದುದು 1994ರಲ್ಲಿ. ‘ಹೊಟ್ಟೆಯಾಗು’ ಎಂದು ಸುತ್ತಲಿಂದ ಬರುವ ಕೂಗನ್ನು ತಡೆಯುವುದಷ್ಟೇ ಅದರ ಕೆಲಸ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜತನದಿಂದ ಸಾಕುತ್ತಿರುವ ಹಣ್ಣಿನ ನೊಣಗಳಲ್ಲಿಯೂ ಇದೇ ಮಾತುಕತೆ ನಡೆಯುತ್ತದೆ. ಆದರೆ ಅಲ್ಲಿ ಬೆನ್ನು ಹೊಟ್ಟೆಗಳು ತಲೆಕೆಳಗು.

“ಎಡಾ ಬಲಾ?” ಎಂದಳು ಹುಡುಗಿ. ಅವಳಿಗೆ ಬೇಕಾದುದು ಅದೊಂದೇ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದೂ ಅದೇ. ತಲೆ, ಬೆನ್ನು ಗೊತ್ತಾದ ಮೇಲೆ ಉಳಿದ ಎರಡು ಮಗ್ಗುಲುಗಳು ನೋಡುವುದಕ್ಕೆ ಒಂದೇ. ಇವುಗಳಲ್ಲಿ ಎಡ ಯಾವುದೆಂದು ತಿಳಿಯಲು, ತಾನಾಗಿಯೇ ಒಂದು ದಿಕ್ಕಿಗೆ ತಿರುಗುವ ವಸ್ತುವೊಂದು ಬೇಕು. ಇಲಿಯ ಭ್ರೂಣದ ನಡುವೆ ಒಂದು ಪುಟ್ಟ ತಗ್ಗಿದೆ. ಅದರ ತುಂಬ ಕಣ್ಣಿಗೆ ಕಾಣದ ರೋಮಗಳು. ಅವು ಬಾಲದ ಕಡೆಗೆ ಬಾಗಿ ಒಂದೇ ದಿಕ್ಕಿಗೆ ಗಿರಗಿರನೆ ಸುತ್ತುವುದರಿಂದ ತಗ್ಗಿನ ದ್ರವ ಎಡಕ್ಕೆ ಹರಿಯುತ್ತದೆ. ಹರಿವು ತಾಕಿದ ಮಗ್ಗುಲಿನ ಕೋಶಗಳು ನೋಡಲ್ ಎಂಬ ಸಂದೇಶವನ್ನು ಹೊರಡಿಸಿ ‘ನಾವು ಎಡ’ ಎಂದು ಸಾರುತ್ತವೆ. ಸಂದೇಶ ಆಚೆ ದಾಟದಂತೆ ನಡುಗೆರೆಯಲ್ಲಿ ಲೆಫ್ಟಿ ಎಂಬ ಇನ್ನೊಂದು ಪ್ರೋಟೀನಿನ ಕಾವಲು. ಟೋಕಿಯೋದ ಹಿರೋಕಾವಾ ಮತ್ತು ಸಂಗಡಿಗರು ಈ ಹರಿವನ್ನು 1998ರಲ್ಲಿ ಕಂಡರು. 2002ರಲ್ಲಿ ಜಪಾನಿನಲ್ಲಿಯೇ ದ್ರವವನ್ನು ಕೃತಕವಾಗಿ ಎದುರು ದಿಕ್ಕಿಗೆ ಹರಿಸಿ ನೋಡಿದಾಗ ಇಲಿಯ ಭ್ರೂಣಗಳ ಎಡಬಲಗಳು ತಿರುವುಮುರುವಾದವು. ಮನುಷ್ಯರಲ್ಲಿಯೂ ಹೀಗೆಯೇ ನಡೆಯುವುದೆಂದು ನಂಬಲು ಒಳ್ಳೆಯ ಆಧಾರಗಳಿವೆ. ಅದೂ ಗರ್ಭ ನಿಂತ ಮೊದಲ ಕೆಲವೇ ವಾರಗಳಲ್ಲಿ, ತಾಯಿಗೆ ತಾನು ಬಸುರಿಯೆಂಬುದು ಖಚಿತವಾಗುವ ಹೊತ್ತಿಗೆ. (ಕೋಳಿಗೆ ಈ ರೋಮಗಳ ಹಂಗಿಲ್ಲ, ಅದರ ಭ್ರೂಣದಲ್ಲಿ ಕೋಶಗಳೇ ಎಡಕ್ಕೆ ಸರಿಯುತ್ತವೆ.)

ಡಾಕ್ಟರು ನೆಗಡಿ ಕೆಮ್ಮು ವಿಚಾರಿಸಿದ್ದೇಕೆಂಬುದೂ ಇದರಿಂದ ತಿಳಿಯುತ್ತದೆ. ಮೂಗು, ಶ್ವಾಸನಾಳಗಳ ಕಫವನ್ನು ಗುಡಿಸುವುದು ಇಂಥವೇ ರೋಮಗಳು. ಹುಟ್ಟಿನಿಂದಲೇ ಅವು ಆಡದಿದ್ದರೆ ಕೆಮ್ಮು ಬಿಡದು. ಗುಂಡಿಗೆ ಯಾವ ಕಡೆಗೆ ಎಂಬುದೂ ನಾಣ್ಯ ಚಿಮ್ಮಿದಂತೆ. ಇದನ್ನು 1976ರಲ್ಲಿ ಸ್ವೀಡನ್ನಿನ ಅಫ್ಜೇಲಿಯಸ್ ತಿಳಿಸಿದರು. ನಮ್ಮ ಹುಡುಗಿಗೆ ಆ ಬಾಧೆಯಿಲ್ಲ.

ಅವ್ವನನ್ನು ಒಲಿಸಲು ನಾನು ಬಲಮುರಿ ಶಂಖದ ಮಾತೆತ್ತಿದೆ. “ಸಾವಿರಾರು ಶಂಖಗಳು ಒಂದು ಕಡೆ ತಿರುಗಿದರೆ ಎಲ್ಲೋ ಒಂದು ಇನ್ನೊಂದು ಕಡೆಗೆ ತಿರುಗುತ್ತದೆ. ಅದನ್ನು ಪೂಜೆಗಿಡುತ್ತೇವೆ, ಕೇಳಿದಷ್ಟು ಹಣ ಕೊಡುತ್ತೇವೆ. ಮೊಮ್ಮಗಳು ಮಾತ್ರ ಬ್ಯಾಡಾಯಿತೆ?” ಎಂದೆ. ಅಷ್ಟಕ್ಕೆ ನಿಲ್ಲಿಸದೆ, ಕೆರೆಯ ಒಂದು ಜಾತಿಯ ಬಸವನಹುಳುವಿನಲ್ಲಿ ಮರಿಯ ಸುರುಳಿ ಯಾವ ಕಡೆಗೆಂಬುದನ್ನು ತಾಯಿಯ ಜೀನು ನಿರ್ಧರಿಸುತ್ತದೆಂದು 1923ರಷ್ಟು ಹಿಂದೆಯೇ ವಿವರಿಸಲಾಯಿತೆಂದೂ ಸೇರಿಸಿದೆ. ಅವ್ವ ಥಟ್ಟನೆ ವೈನಿಯ ಕಡೆ ತಿರುಗಿ, “ಹಂಗಂದ್ರ ಇದೆಲ್ಲಾ ತಾಯೀದ ಅನ್ನು!” ಎಂದಳು. ವೈನಿಯ ಕಣ್ಣಲ್ಲಿ ನೀರಾಡಿತು. “ಅದು ಬಸವನಹುಳಕ್ಕ ಅಷ್ಟ ಅವ್ವಾ! ಮನುಷ್ಯಾರೊಳಗ ವಂಶದಿಂದ ಬಂದದ್ದಾದರ ಹೆಚ್ಚಾಗಿ ತಂದಿ ತಾಯಿ ಇಬ್ಬರದೂ ಪಾಲಿರತದ. ಎಷ್ಟೋ ಸಲ ಕಾರಣಾನ ಸಿಗೂದಿಲ್ಲ” ಎಂದು ನಾನು ಅವಸರದಿಂದ ಹೇಳಬೇಕಾಯಿತು. ಅಣ್ಣ ಆ ದಿನ ಮೊದಲ ಬಾರಿಗೆ ತಲೆಯೆತ್ತಿ, “ಹೇಳೇ ಬಿಡೂಣು” ಎಂದ.

ಗಂಡಿನ ಕಡೆಯವರು ಬಂದಾಗ ಹುಡುಗಿಯೇ ಎಲ್ಲವನ್ನೂ ಹೇಳಿದಳು. ಎಕ್ಸ್‌ರೇ ಫಿಲ್ಮನ್ನೂ ಮುಂದಿಟ್ಟಳು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ಅಜ್ಜಿ, “ಹಂಗಾದ್ರ ನೀ ಎಡಗೈಲೆ ಉಣ್ಣತೀ ಏನವಾ?” ಎಂದು ಕೇಳಿದರು. “ಇಲ್ರೀ ಆಯಿ, ಬಲಗೈಲೆ” ಎಂದಳು. ನಿಜ, ಒಳಗೆ ಹೀಗೆ ಅದಲುಬದಲಾದವರಲ್ಲಿಯೂ ಬಹುಮಂದಿ ಬಲಗೈಯವರೇ. ಅಜ್ಜಿ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ಹುಡುಗನ ತಂದೆ, ತಮ್ಮ ಪರಿಚಯದ ಡಾಕ್ಟರನ್ನು ಒಂದು ಮಾತು ಕೇಳಿ ತಿಳಿಸುವುದಾಗಿ ಹೇಳಿ ಎದ್ದರು.

ಹದಿನೈದು ದಿನಗಳಾದವು, ಇನ್ನೂ ಸುದ್ದಿಯಿಲ್ಲ. ಫೋನು ಬಾರಿಸಿದಾಗಲೆಲ್ಲ ವೈನಿ ಅಡುಗೆಮನೆಯಿಂದ ಓಡಿಬರುತ್ತಾಳೆ. ಹುಡುಗಿ ನೌಕರಿಗೆ ಸೇರಿದ್ದಾಳೆ. ದಪ್ಪ ಕಾಗದದ ಚೀಟಿಯೊಂದರ ಮೇಲೆ ‘ನನ್ನ ಹೃದಯ ಬಲಗಡೆಗೆ, ಅಪೆಂಡಿಕ್ಸ್ ಎಡಗಡೆಗೆ ಇದೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಹೋಗುತ್ತಾಳೆ.